ಸ್ಟಾರ್ಟ್ ಆಗದ ಸ್ಕೂಟರ್

ಕಿಕ್ಕರ್ ಒದ್ದೂ ಒದ್ದೂ ವಿರೂಪಾಕ್ಷನ ಇಸ್ತ್ರಿ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಆಫೀಸಿಗೆ ಹೊತ್ತಾಗಿತ್ತು. ಸ್ಕೂಟರ್ ಮಾತ್ರ ಕೆಮ್ಮಲೂ ಇಲ್ಲ.

"ರೀ, ಪೆಟ್ರೋಲ್ ಇದೆಯಾ ನೋಡಿದ್ರಾ?" ಎಂದಳು ಹೆಂಡತಿ ಚಂಪಾವತಿ.

"ಓಹೋ, ನೀನು ಹೇಳ್ಕೊಡ್ಬೇಕು ನನಗೆ! ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ. ನಿನ್ನೆ ನೀನು ಒರೆಸಿದ್ಯಲ್ಲ, ಅದಕ್ಕೇ ಹಿಂಗಾಗಿರೋದು. ಹೆಂಗಸರು ಮುಟ್ಟಿದ್ರೆ ಮುಗೀತು."

"ಒರೆಸಿದ್ರೆ ಗಾಡಿ ಕೆಡುತ್ತಾ?"

"ಕೆಡುತ್ತೆ! ಇಂಜಿನ್ ಅಂದ್ರೆ ಒಗ್ಗರಣೆ ಸೌಟಲ್ಲ. ಹೋಗು ಒಳಗೆ."

ಗಾಡಿಯನ್ನು ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ, ಕೊನೆಗೆ ಟೈರಿಗೊಂದು ಒದ್ದು, ಅವನು ಬೈಯುತ್ತಲೇ ಬಸ್ಸಿಗೆ ಓಡಿದ.

ಬಸ್ಸು ಮರೆಯಾದ ಮೇಲೆ ಚಂಪಾವತಿ, ಬೆಳಗ್ಗೆ ತಾನೇ ಬಿಚ್ಚಿ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದ ಸ್ಪಾರ್ಕ್ ಪ್ಲಗ್ ತಂದು ಕೂರಿಸಿ, ಒಂದೇ ಕಿಕ್ಕಿಗೆ ಗಾಡಿ ಸ್ಟಾರ್ಟ್ ಮಾಡಿಕೊಂಡು, ಗಂಡನಿಗೆ ಹೇಳದೆ ಸೇರಿದ್ದ ಗ್ಯಾರೇಜಿನ ಕೆಲಸಕ್ಕೆ ಹೊರಟಳು.