ಉಳಿದಿದ್ದ ಒಂದೇ ಪ್ಲೇಟು

1911, ಬೆಳಿಗ್ಗೆ ಒಂಬತ್ತು ಗಂಟೆ. ಬಳ್ಳಾರಿಯಿಂದ ಮೊಳಕಾಲ್ಮೂರಿಗೆ ಬಂದಿದ್ದ ಫೋಟೋದವನ ಹತ್ತಿರ ಪಟ ಮೂಡಿಸುವ ಗಾಜಿನ ಪ್ಲೇಟು ಒಂದೇ ಉಳಿದಿತ್ತು; ತೆಗೆದರೆ ಒಂದೇ ಪಟ. ಗಂಡ ಗೋವಿಂದಪ್ಪ ನೇಯ್ದ ಬಿಳಿ ರೇಷ್ಮೆ ಸೀರೆ ಉಟ್ಟು ತಿಪ್ಪಕ್ಕ ಅಂಗಳದ ಬಿಸಿಲಿನಲ್ಲಿ ಕೂತಿದ್ದಳು. ಸೀರೆ ತೋರಿಸಲು ಪಟ ಮೈಸೂರಿನ ವ್ಯಾಪಾರಿಗೆ ಹೋಗಬೇಕಿತ್ತು. ಇನ್ನೊಂದು ಪ್ರತಿ ರಾಯದುರ್ಗದಲ್ಲಿ ಹಾಸಿಗೆ ಹಿಡಿದು, ಮಗಳ ಮುಖ ನೋಡಬೇಕು ಎನ್ನುತ್ತಿದ್ದ ಅವ್ವನಿಗೆ ಎಂದು ಅವಳು ಗಂಡನಿಂದ ಮಾತು ತೆಗೆದುಕೊಂಡಿದ್ದಳು.

“ಮುಖ ಚೆನ್ನಾಗಿ ಬರೋವಷ್ಟು ಬೆಳಕು ಬಿಟ್ರೆ ಸೀರೆ ಬರೀ ಬಿಳಿ ಬಟ್ಟೆ ಆಗ್ತದೆ, ಜರಿ ಕಾಣಲ್ಲ,” ಎಂದ ಫೋಟೋದವನು. “ಜರಿ ಕಾಣಬೇಕಂದ್ರೆ ಮುಖ ಕಪ್ಪಾಗ್ತದೆ. ಯಾವುದಕ್ಕೆ ಬಿಡ್ಲಿ?”

“ಸೀರೆಗೆ ಬಿಡ್ರಿ,” ಎಂದ ಗೋವಿಂದಪ್ಪ, ಯೋಚಿಸದೆ. “ಇವಳ ಮುಖ ಯಾರು ಕೊಳ್ತಾರೆ?”

ಫೋಟೋದವನು ನಕ್ಕ. ತಿಪ್ಪಕ್ಕ ನಗಲಿಲ್ಲ. ಎದ್ದು, ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತು, ಸೆರಗನ್ನು ಬೆನ್ನ ತುಂಬ ಹರಡಿಕೊಂಡಳು. “ಹಂಗಾದ್ರೆ ಮುಖ ಯಾಕೆ ಕಪ್ಪು ಮಾಡ್ತೀರಿ ಸ್ವಾಮಿ? ಈಗ ತೆಗೀರಿ. ಜರಿ ಎಲ್ಲಾ ಇಲ್ಲೇ ಐತೆ.”

ಗೋವಿಂದಪ್ಪ ಬಾಯಿ ತೆರೆಯುವಷ್ಟರಲ್ಲಿ ಫೋಟೋದವನು ಕ್ಯಾಮೆರಾದ ಮುಚ್ಚಳ ತೆಗೆದು ಪಟ ಹಿಡಿದಾಗಿತ್ತು.

ಸೆರಗಿನ ಒಂದೊಂದು ಎಳೆಯೂ ಸ್ಪಷ್ಟವಾಗಿ ಬಂತು. ವ್ಯಾಪಾರಿ ಹತ್ತು ಸೀರೆಗೆ ಹೇಳಿಕಳಿಸಿದ. ರಾಯದುರ್ಗಕ್ಕೆ ಪಟ ಹೋಗಲಿಲ್ಲ.