ಪಳಗಿದ ಚರ್ಮ

ಲಿಜ್ಜಿ ಸ್ಟೂಲ್ ಹತ್ತಿ ಕಾರಿಡಾರಿನ ಬಲ್ಬನ್ನು ತಿರುಗಿಸಿ ತೆಗೆದಳು. ಬಲ್ಬು ಕೆಟ್ಟಿರಲಿಲ್ಲ. ಗಲ್ಫಿನ ಸಾಲ್ಮಿಯಾದ ಆ ಹಳೆಯ ಕಟ್ಟಡದ ಕಾರಿಡಾರಿಗೆ ಕಿಟಕಿಯೇ ಇಲ್ಲ. ದೀಪವಿಲ್ಲದಿದ್ದರೆ ಮಟಮಟ ಮಧ್ಯಾಹ್ನವೂ ಅಲ್ಲಿ ಕತ್ತಲೆ.

ಎದುರು ಮನೆಯ ಐವಿ ಬಾಗಿಲು ತೆರೆದಳು. "ಎಂತ ಮಾಡ್ತಿದ್ದೀ ಲಿಜ್ಜಿ?"

"ಊಟಕ್ಕೆ ಜನ ಬರ್ತಾರೆ."

"ಜನ ಬರುವಾಗ ಬಲ್ಬು ಹಾಕ್ತಾರೆ ಮಾರಾಯ್ತಿ, ತೆಗೆಯುದಲ್ಲ. ಯಾರು ಬರುದು?"

"ರಾಯ್ಸ್ಟನ್."

ಐವಿಯ ಮುಖ ಬಿಳುಚಿತು. "ಅಯ್ಯೋ ದೇವಾ! ಲಿಜ್ಜಿ, ಹುಚ್ಚು ಕೆಲಸ ಎಂತದೂ ಮಾಡ್ಬೇಡ. ನಿಂಗೊಂದು ಮಗಳಿದ್ದಾಳೆ."

"ಶೆರಿಲ್ ಇವತ್ತು ನಿನ್ನ ಮನೆಯಲ್ಲೇ ಊಟ ಮಾಡ್ಲಿ," ಎಂದಳು ಲಿಜ್ಜಿ. ಬಲ್ಬನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಒಳಗೆ ನಡೆದಳು.

ರಾಯ್ಸ್ಟನ್ ಮೀನಾ ಅಬ್ದುಲ್ಲಾ ತೈಲಾಗಾರದ ಗುತ್ತಿಗೆ ಕಂಪನಿಯೊಂದರ ಸೂಪರ್‌ವೈಸರ್. ಲಿಜ್ಜಿಯ ಗಂಡ ಮಥಾಯಸ್ ಅವನ ಕೈಕೆಳಗಿದ್ದವನು. ಅಟ್ಟಣಿಗೆಯ ಹಲಗೆಗಳು ಕೊಳೆತಿವೆ, ಬದಲಾಯಿಸಿ ಎಂದು ಮಥಾಯಸ್ ಗೋಗರೆದಿದ್ದ. ಹಲಗೆ ಬದಲಾಗಲಿಲ್ಲ. ಅವನು ಮೇಲಿನಿಂದ ಬಿದ್ದ, ಅಲ್ಲೇ ಸತ್ತ. ರಾಯ್ಸ್ಟನ್ ತನಿಖೆಯಲ್ಲಿ ಹೇಳಿದ್ದು ಒಂದೇ ಮಾತು: ಸೇಫ್ಟಿ ಶೂ ಹಾಕದೆ ಮೆತ್ತನೆಯ ಚರ್ಮದ ಮೊಕಾಸಿನ್ ಶೂನಲ್ಲಿ ಹತ್ತಿದ, ಜಾರಿದ. ಆಸ್ಪತ್ರೆಯವರು ಲಿಜ್ಜಿಗೆ ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಗಡಿಯಾರ, ಜಪಸರ, ಒಂದು ಜೊತೆ ಕಂದು ಸ್ವೇಡ್ ಮೊಕಾಸಿನ್ ಇದ್ದವು. ಸಾಕ್ಷಿ ಕಾಲಲ್ಲೇ ಇರುವಾಗ ಹೆಂಡತಿಯ ಮಾತನ್ನು ಯಾರು ಕೇಳುತ್ತಾರೆ?

ಶೋಕಿ ಮಾಡಲು ಹೋಗಿ ಸತ್ತ ಎಂದರು ಚರ್ಚಿನಲ್ಲಿ. "ಮಮ್ಮಾ, ವಾಸ್ ಡ್ಯಾಡಾ ಸ್ಟುಪಿಡ್?" ಎಂದು ಶಾಲೆಯಿಂದ ಬಂದ ಮಗಳು ಕೇಳಿದಳು. ಆ ದಿನವೇ ಲಿಜ್ಜಿ ನಿರ್ಧರಿಸಿದ್ದಳು. ಕಂಪನಿಯ ತನಿಖಾಧಿಕಾರಿ ಮಲಕಾಜಪ್ಪ ನಾಳೆ ವರದಿಗೆ ಸಹಿ ಹಾಕಲಿದ್ದರು. ಸಹಿ ಬಿದ್ದರೆ ಖಲಾಸ್, ಮಥಾಯಸ್ ಎಂದೆಂದಿಗೂ ತನ್ನ ತಪ್ಪಿಗೆ ಸತ್ತವನು.

ಅಂದಿನಿಂದ ಅವಳು ಆ ಮೊಕಾಸಿನ್‌ಗಳನ್ನು ಟೂತ್‌ಬ್ರಷ್ಷಿನಿಂದ ಉಜ್ಜುತ್ತಲೇ ಇದ್ದಳು. ಧೂಳು ಹೋಗಿ, ಚರ್ಮದ ಮೇಲಿನ ನವಿರು ಎದ್ದು, ಹೊಸದರಂತೆ ಆಗಿದ್ದವು. ಬಲಗಾಲಿನ ಶೂವಿನ ಒಳಬದಿಯಲ್ಲಿ, ಹೆಬ್ಬೆರಳ ಬುಡದ ಉಬ್ಬಿಗೆ ಬೆರಳು ತಗುಲಿದಾಗಲೆಲ್ಲ ಅವಳು ಹಲ್ಲು ಕಚ್ಚುತ್ತಿದ್ದಳು. ಪಾಪ, ದುಃಖ ಎಂದುಕೊಂಡಿದ್ದಳು ಐವಿ.

ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿಸಿ ರಾಯ್ಸ್ಟನ್ ಬಂದ, ಕುಂಟುತ್ತ. ಬಾಗಿಲಾಚೆ ಶೂ ಬಿಟ್ಟು ಒಳಗೆ ಬಂದು ಬಲಗಾಲಿನ ಹೆಬ್ಬೆರಳ ಬುಡದ ಗಂಟನ್ನು ತಿಕ್ಕಿಕೊಂಡ. ಸೋಫಾದಲ್ಲಿ ಮಲಕಾಜಪ್ಪನವರನ್ನು ಕಂಡು ಒಂದು ಕ್ಷಣ ತಡವರಿಸಿದ, ಆಮೇಲೆ ಹಲ್ಲು ಕಿರಿದ.

"ಕಾಲಿಗೆ ಏನಾತ್ರಿ?" ಮಲಕಾಜಪ್ಪ ಕೇಳಿದರು.

"ಹೊಸ ಮೊಕಾಸಿನ್ ಸರ್, ಕಚ್ತದೆ. ಸ್ವೇಡ್ ಅಂದ್ರೆ ಹಾಗೇ. ಒಮ್ಮೆ ಪಳಗಿದ್ರೆ ನಮ್ಮದೇ ಚರ್ಮದ ಹಾಗೆ, ಬೇರೆಯವರ ಕಾಲಿಗೆ ಆಗುದೇ ಇಲ್ಲ. ಹತ್ತು ವರ್ಷ ಹಾಕಿದ್ರೂ ಏನೂ ಆಗುದಿಲ್ಲ." ಮತ್ತೆ ದನಿ ತಗ್ಗಿಸಿದ. "ಪಾಪ, ಮಥಾಯಸ್ ನನ್ನದು ನೋಡಿಯೇ ಆಸೆಪಟ್ಟು ಅಂಥದ್ದೇ ತಗೊಂಡದ್ದು."

"ನಿಮ್ಮ ಹಳೇದು ಎಂತ ಆಯ್ತು?" ಲಿಜ್ಜಿ ನೀರು ಕೊಡುತ್ತ ಕೇಳಿದಳು.

"ಹರಿದುಹೋಯ್ತು. ಬಿಸಾಡಿದೆ."

ಮಲಕಾಜಪ್ಪ ಸಸ್ಯಾಹಾರಿ. ಅವರಿಗೆ ಅನ್ನ, ಸಾರು, ಪಲ್ಯ. ರಾಯ್ಸ್ಟನ್‌ನ ಮುಂದೆ ಲಿಜ್ಜಿ ಮುಚ್ಚಳವಿದ್ದ ಬೇರೆ ಪಾತ್ರೆ ಇಟ್ಟಳು. "ಕೋಳಿ ಸುಕ್ಕ. ನಿಮಗೆ ಮಾತ್ರ ಮಾಡಿದ್ದು. ನಿಧಾನಕ್ಕೆ ತಿನ್ನಿ."

"ನೀವು ತಿನ್ನುದಿಲ್ವಾ?"

"ನನ್ನ ಹಸಿವು ಬೇರೆ," ಎಂದಳು.

ಅವನು ತಿಂದ, ಬೆವರಿದ, ಮತ್ತೆ ಹಾಕಿಸಿಕೊಂಡ. ಎಂಥ ನಾಚಿಕೆಗೆಟ್ಟ ಹೊಟ್ಟೆ! ಸತ್ತವನ ಫೋಟೋದ ಕೆಳಗೆ ಕೂತು ಮೂಳೆ ಚೀಪಿದ. ನಡುವೆ ಲಿಜ್ಜಿ ಒಂದು ಬಟ್ಟೆಯ ಚೀಲ ಹಿಡಿದು ಬಾಗಿಲಾಚೆ ಹೋದಳು. ಅದೇ ಚೀಲ ಹಿಡಿದು ಬಂದಳು.

"ಹೊರಡ್ತೇನೆ," ಎಂದು ರಾಯ್ಸ್ಟನ್ ಎದ್ದ. ಮಲಕಾಜಪ್ಪನವರೂ ಎದ್ದರು.

"ಹೊರಗೆ ಇನ್ನೂ ಲೈಟ್ ಬಂದಿಲ್ವಾ?" ಎಂದ ರಾಯ್ಸ್ಟನ್.

"ಬಲ್ಬು ಇಲ್ಲ. ನಿಮ್ಮ ಶೂ ಬಾಗಿಲ ಬಲಕ್ಕೆ ಇದೆ, ನೀವು ಬಿಟ್ಟಲ್ಲಿಯೇ ಕಾಲು ಹಾಕಿ."

ಅವನು ಗೋಡೆ ಹಿಡಿದು ಎಡಗಾಲು ತೂರಿಸಿದ. ಬಲಗಾಲು ತೂರಿಸಿದ. ಲಿಜ್ಜಿ ಉಸಿರು ಬಿಗಿಹಿಡಿದು ನಿಂತಳು. ಈಗ ಕಿರುಚುತ್ತಾನೆಯೇ? ಕುಸಿಯುತ್ತಾನೆಯೇ?

"ಆಹಾ!" ಎಂದ ರಾಯ್ಸ್ಟನ್. "ಸರ್, ಪಳಗಿತು ನೋಡಿ, ಕಡೆಗೂ! ನೋವೇ ಇಲ್ಲ ಮಾರಾಯ್ರೆ!" ಲಿಫ್ಟಿನ ತನಕ ದಾಪುಗಾಲು ಹಾಕಿದ, ತಿರುಗಿ ಬಂದ. ಒಂಚೂರೂ ಕುಂಟಲಿಲ್ಲ. "ನನ್ನ ಕಾಲಿಗೇ ಹೊಲಿದ ಹಾಗಿದೆ."

"ಉಣ್ಣೂದ್ರೊಳಗ ಪಳಗಿತೇನ್ರಿ?" ಮಲಕಾಜಪ್ಪ ನಕ್ಕರು. "ಭಾರೀ ಚರ್ಮ ಐತಿ ಬಿಡ್ರಿ."

ಲಿಜ್ಜಿ ಸ್ಟೂಲ್ ಹತ್ತಿ ಬಲ್ಬು ತಿರುಗಿಸಿದಳು. ಬೆಳಕು ಬಿತ್ತು. ರಾಯ್ಸ್ಟನ್ ಕಾಲಿನತ್ತ ನೋಡಿಕೊಂಡ. ಅವನ ನಗು ನಿಂತಿತು. ಅವಳು ಚೀಲದಿಂದ ಸೆಟೆದ ಹೊಸ ಮೊಕಾಸಿನ್‌ಗಳನ್ನು ತೆಗೆದು ಮಲಕಾಜಪ್ಪನವರ ಮುಂದೆ ಇಟ್ಟಳು.

"ಇವರು ಹಾಕಿಕೊಂಡು ಬಂದ ಶೂ ಇದು ಸರ್. ಈಗ ಇವರ ಕಾಲಿಗೆ ಅಷ್ಟು ಚೆಂದ ಕೂತದ್ದು, ಆಸ್ಪತ್ರೆಯವರು ನನ್ನ ಗಂಡನ ಹೆಣದ ಕಾಲಿನಿಂದ ಬಿಚ್ಚಿ ಕೊಟ್ಟ ಶೂ."

ನಂತರ ಅವನತ್ತ ತಿರುಗಿದಳು. "ಈಗ ಹೇಳಿ ರಾಯ್ಸ್ಟನ್, ನಿಮ್ಮ ಈ ಹಳೇ ಶೂವನ್ನು ಮಥಾಯಸ್‌ಗೆ ತೊಡಿಸುವ ಮೊದಲು ಅವರ ಕಾಲಿನಿಂದ ಬಿಚ್ಚಿದ ಸೇಫ್ಟಿ ಶೂ ಎಲ್ಲಿ ಬಿಸಾಡಿದಿರಿ?"