ಕೆಂಪು ಗುಂಡಿಯ ಕುರ್ಚಿ

ವಿಮಾನ ಪ್ರದರ್ಶನಗಳಲ್ಲಿ ಸಾವು ಹೆಚ್ಚಾದ ಮೇಲೆ ಸರ್ಕಾರವೂ ವಿಮಾನ ಕಂಪನಿಗಳೂ ಕೂಡಿ ಒಂದು ನಿಯಮ ಮಾಡಿದ್ದವು: ಹಾರಾಟ ನಿಲ್ಲಿಸುವ ಗುಂಡಿ ಪೈಲಟ್‌ನ ಮನೆಯವರ ಕೈಯಲ್ಲೇ ಇರಬೇಕು. ಮೈದಾನದಂಚಿನ ಕುರ್ಚಿಯಲ್ಲಿ ಕೂತಿದ್ದ ವಾರಿಜಳ ಮುಂದೆ ಅವಳ ತಮ್ಮ ನಚಿಕೇತನ ಕೆಂಪು ಗುಂಡಿ ಇತ್ತು.

“ಇವತ್ತೂ ಒತ್ತಿದ್ರೆ ನನ್ನನ್ನ ತಂಡದಿಂದ ತೆಗೀತಾರೆ ಅಕ್ಕಾ,” ಎಂದು ಹೇಳಿಯೇ ಅವನು ಹಾರಿದ್ದ.

ವಿಮಾನ ತಲೆಕೆಳಗಾಗಿ ಜನರತ್ತ ಇಳಿಯಿತು. ರೆಕ್ಕೆ ಕೊಂಚ ನಡುಗಿದಂತೆ ಕಂಡಿತು. ಅವಳು ಒತ್ತಿದಳು. ವಿಮಾನ ತಾನಾಗಿ ನೆಟ್ಟಗಾಗಿ ರನ್‌ವೇಗೆ ಮರಳಿತು. ಜನ ಶಿಳ್ಳೆ ಹೊಡೆದು ಗೇಲಿ ಮಾಡಿದರು.

“ವಿಮಾನಕ್ಕೆ ಏನೂ ಆಗಿರ್ಲಿಲ್ಲ ಮೇಡಂ. ನಮ್ಮ ಯಂತ್ರಗಳು ನೋಡ್ತಾನೇ ಇದ್ವು,” ಎಂದ ಕಂಪನಿಯ ಎಂಜಿನಿಯರ್.

“ನಿಮ್ಮ ಯಂತ್ರಗಳಿಗೆ ಹೆದರೋಕೆ ಬರಲ್ವಲ್ರೀ. ಆ ಕೆಲಸ ಇವರದು,” ಎಂದು ಸರ್ಕಾರದ ಅಧಿಕಾರಿ ನಕ್ಕರು.

ನಚಿಕೇತ ಹೆಲ್ಮೆಟ್ ಕಂಕುಳಲ್ಲಿರುಕಿಕೊಂಡು ಬಂದ.

“ಬೇರೆ ತಂಡ ಹುಡುಕ್ತೀನಿ. ಅಲ್ಲಿ ಗುಂಡಿ ಮುಂದೆ ದೊಡ್ಡಪ್ಪನ ಮಗ ಕೂತ್ಕೊಳ್ತಾನೆ.”

“ಅವನು ನಿನ್ನ ಮುಖ ನೋಡಿ ಎಷ್ಟು ಕಾಲ ಆಯ್ತೋ! ನೀನಂದ್ರೆ ಅವನಿಗೇನು?”

“ಏನೂ ಇಲ್ಲ. ಅದಕ್ಕೇ ಅವನು.”

ಅವನು ಹೊರಟುಹೋದ. ವಾರಿಜ ಕೂತೇ ಇದ್ದಳು. ಮುಂದಿನ ಪೈಲಟ್‌ನ ಹೆಂಡತಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

“ಸ್ವಲ್ಪ ಏಳ್ತೀರಾ? ನಮ್ಮವರು ಹೊರಟ್ರು.”